ಅಪ್ಪನ ಪಾಟಿ, ಅತ್ತೆಯ ಕೆಂಪು ಚುಕ್ಕೆ

ನಮ್ಮಪ್ಪ ಮೈಲಾರೆಪ್ಪ ಹೇಳದೆ ಎಲ್ಲಿಗೂ ಹೋದ ಮನುಷ್ಯನಲ್ಲ. ರಾಣೆಬೆನ್ನೂರಿನ ಬಸ್ ನಿಲ್ದಾಣದಿಂದ ಕೂಗಳತೆಯ ಓಣಿಯೊಂದರಲ್ಲಿ ಅವನ ಬೀಜದ ಅಂಗಡಿ ಇತ್ತು. ಹತ್ತಿ, ಗೋವಿನಜೋಳ, ಸೂರ್ಯಕಾಂತಿ, ಬದನೆ, ಹಾಗಲ, ಬಿತ್ತುವುದಕ್ಕೆ ಏನು ಬೇಕೋ ಅದು ಅಲ್ಲಿ ಸಿಗುತ್ತಿತ್ತು. ಅಂಗಡಿಯ ಶಟರಿನ ಪಕ್ಕದ ಮೊಳೆಗೆ ಸುತಳಿ ಕಟ್ಟಿ ಒಂದು ಪಾಟಿ ತೂಗುಹಾಕಿದ್ದ. ನಾನು ಒಂದನೆಯ ಇಯತ್ತೆಯಲ್ಲಿ ಬರೆದು, ಮೂಲೆ ಮುರಿದುಹಾಕಿದ್ದ ಪಾಟಿ ಅದು. ಹೊರಗೆ ಹೊರಟಾಗಲೆಲ್ಲ ಅದರ ಮೇಲೆ ಬಳಪದಿಂದ ಒಂದು ಸಾಲು ಬರೆದೇ ಹೋಗುತ್ತಿದ್ದ.

'ಊಟಕ್ಕ ಹೋಗೇನಿ.'

'ಬ್ಯಾಂಕಿಗೆ ಹೋಗೇನಿ. ಗದ್ಲ ಇದ್ರ ತಡಾ ಆಗ್ತೈತಿ.'

'ಕಟಿಂಗ್ ಮಾಡಿಸಾಕ ಎದುರಿಗೇ ಕುಂತೇನಿ. ಕೂಗ್ರಿ.'

ಒಮ್ಮೆಯಂತೂ 'ಮನ್ಯಾಗ ಜಗಳ ಆಗೇತಿ, ಇವತ್ತ ಚೌಕಾಶಿ ಬ್ಯಾಡ' ಎಂದು ಬರೆದು ಒಳಗೆ ಕೂತಿದ್ದ. ನಮ್ಮವ್ವ ಪ್ರೇಮವ್ವ ಬುತ್ತಿ ತಂದವಳು ಅದನ್ನು ಓದಿ, ಇಡೀ ಬಜಾರಿನ ಮುಂದೆ ಸೆರಗಿನಿಂದ ಒರೆಸಿಹಾಕಿದಳು. ಅಪ್ಪನಿಗೆ ನಾಚಿಕೆಯೇನೂ ಆಗಲಿಲ್ಲ. "ಗಳಗನಾಥದಿಂದ ಎರಡು ಬಸ್ ಬದಲಿ ಮಾಡಿ ಬಂದ ಮನಷ್ಯಾ ಮುಚ್ಚಿದ ಬಾಗಲಾ ನೋಡಿ ಏನ ತಿಳಕೋಬೇಕು? ಇದ್ದೇನೋ ಇಲ್ಲೋ, ಯಾವಾಗ ಬರ್ತೇನಿ, ಯಾವ ಮೂಡಿನ್ಯಾಗ ಅದೇನಿ, ಹೇಳಿಬಿಡಬೇಕು" ಎನ್ನುತ್ತಿದ್ದ.

ಈಗಿನವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಫೋನಿನಲ್ಲಿ ಇದ್ದೂ ಇಲ್ಲದವರ ಹಾಗೆ ಇರುತ್ತಾರೆ, ಓದಿಯೂ ಓದದವರ ಹಾಗೆ ಇರುತ್ತಾರೆ. ಕೊನೆಯ ಸಲ ಯಾವಾಗ ಬಂದಿದ್ದೆ ಎನ್ನುವುದನ್ನೂ ಮುಚ್ಚಿಡಲು ಒಂದು ಗುಂಡಿ ಇದೆಯಂತೆ. ಅಪ್ಪ ಇಂದು ಇದ್ದಿದ್ದರೆ ಇಂಥವರಿಗೆ ಬೀಜ ಮಾರುತ್ತಿರಲಿಲ್ಲ.

ಆದರೆ ಬಜಾರಿಗೆಲ್ಲ ತನ್ನ ಕಟಿಂಗಿನ ಸುದ್ದಿ ಸಾರಿದ ಈ ಮನುಷ್ಯ ಒಡಹುಟ್ಟಿದ ಅಕ್ಕನ ಕೂಡ ಸುಮಾರು ಮೂರು ವರ್ಷ ಮಾತು ಬಿಟ್ಟಿದ್ದ. ನಾನು ಹೇಳಹೊರಟಿದ್ದು ಆ ಮೂರು ವರ್ಷದ ಕಥೆಯನ್ನೇ.

ನಮ್ಮ ಕಡೆ ಮಾತು ಬಿಡುವುದಕ್ಕೂ ಒಂದು ರೀತಿ ರಿವಾಜು ಇದೆ. ಮಾತು ಬಿಟ್ಟವರು ಸುಮ್ಮನಿರುತ್ತಾರೆ ಎಂದುಕೊಂಡರೆ ನಮ್ಮವರು ನಿಮಗೆ ಗೊತ್ತಿಲ್ಲ ಎಂದೇ ಅರ್ಥ. ಮಾತು ಬಿಟ್ಟವರು ಗೋಡೆಗೆ ಹೇಳುತ್ತಾರೆ. ನಮ್ಮಜ್ಜಿ ಅಜ್ಜನ ಮೇಲೆ ಮುನಿದಾಗ ಎಮ್ಮೆಯ ಮುಂದೆ ನಿಂತು, "ಏ ಎಮ್ಮಿ, ರೊಟ್ಟಿ ಆರಾಕತ್ಯಾವ, ಉಣ್ಣಾವರು ಬಂದು ಉಂಡು ಹೋಗ್ಲಿ" ಎನ್ನುತ್ತಿದ್ದಳು. ಅಜ್ಜ ಪಡಸಾಲೆಯ ಕಂಬಕ್ಕೆ ಒರಗಿ, "ಹಸಿವಿ ಇಲ್ಲಂತ ಹೇಳಪಾ ಕಂಬಾ" ಎಂದು ಉತ್ತರ ಕೊಡುತ್ತಿದ್ದ. ಎಮ್ಮೆ ಮತ್ತು ಕಂಬ ಸೇರಿ ಆ ಸಂಸಾರವನ್ನು ದಡ ಮುಟ್ಟಿಸಿದವು. ಹೀಗೆ ಹೇಳಿದ್ದನ್ನು ಯಾರೂ ಮಾತು ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೇಳಿದವರು ಸೋತಂತೆಯೂ ಆಗುವುದಿಲ್ಲ, ಸುದ್ದಿಯೂ ಮುಟ್ಟುತ್ತದೆ. ಇದಕ್ಕೆ ಬೇಕಾದದ್ದು ಒಂದೇ, ಇಬ್ಬರೂ ಒಂದೇ ಸೂರಿನ ಕೆಳಗೆ ಇರಬೇಕು. ರಾಣೆಬೆನ್ನೂರಿನ ಗೋಡೆಗೆ ಹೇಳಿದ್ದು ಬ್ಯಾಡಗಿಯಲ್ಲಿ ಹೇಗೆ ಕೇಳಿಸಬೇಕು?

ಅತ್ತೆ ಇದ್ದದ್ದು ಬ್ಯಾಡಗಿಯಲ್ಲಿ. ಅವಳ ಹೆಸರು ಸುಶೀಲವ್ವ. ಅಪ್ಪನಿಗಿಂತ ಎಂಟು ವರ್ಷ ದೊಡ್ಡವಳು, ಅಪ್ಪನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು. ಮಾಮಾ ತೀರಿಕೊಂಡ ಮೇಲೆ ಮೆಣಸಿನಕಾಯಿ ವ್ಯಾಪಾರವನ್ನು ಅವಳೇ ಹಿಡಿದು ನಡೆಸಿದಳು. ಮನೆಯ ಹಿಂದೆ ದೊಡ್ಡ ಅಂಗಳ, ಅಂಗಳದ ತುಂಬ ಒಣಗಿದ ಮೆಣಸಿನಕಾಯಿ, ತೊಟ್ಟು ಬಿಡಿಸಲು ಕೂತ ಹೆಂಗಸರು. ಅವರಲ್ಲಿ ಹಿರಿಯಳಾದ ಜೈತೂನಬಿ ಅತ್ತೆಗೆ ಕೆಲಸದವಳೂ ಹೌದು, ಗೆಳತಿಯೂ ಹೌದು. ಅತ್ತೆ ಒಂದು ಕಾಯಿಯನ್ನು ಕೈಯಲ್ಲಿ ಹಿಡಿದು ಬಿಸಿಲಿಗೆ ತೋರಿಸಿದರೆ ಸಾಕು, ಅದರ ಬಣ್ಣ ನೋಡಿಯೇ ಯಾವ ಹೊಲದ್ದು, ಎಷ್ಟು ದಿನ ಒಣಗಿದ್ದು ಎಂದು ಹೇಳುತ್ತಿದ್ದಳು. ಬ್ಯಾಡಗಿಯಲ್ಲಿ ಬಣ್ಣವೇ ಬೆಲೆ. ಅಲ್ಲಿ ಕೆಂಪು ಎಂದರೆ ಲಕ್ಷ್ಮಿ.

ಜಗಳಕ್ಕೆ ಕಾರಣ ನಾನೇ, ಆದರೆ ತಪ್ಪು ನನ್ನದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ತೊಟ್ಟಿಲಲ್ಲಿದ್ದ ನನ್ನ ಕಿವಿಯಲ್ಲಿ 'ಪ್ರಿಯಾಂಕಾ' ಎಂದು ಹೆಸರು ಕೂಗಿದವಳು ಅತ್ತೆ. ಅದೇ ಉಸಿರಿನಲ್ಲಿ "ಇಕಿ ನಮ್ಮ ಮನಿ ಸೊಸಿ" ಎಂದೂ ಸೇರಿಸಿದ್ದಳಂತೆ. ಅವಳ ಮಗ ಸುನೀಲಕುಮಾರ ಮತ್ತು ನಾನು ಒಂದೇ ಜೋಕಾಲಿಗೆ ಬಡಿದಾಡಿ ಬೆಳೆದವರು. ಅವನ ಸಿಂಬಳ ನೋಡಿದ ನನಗೂ, ನನ್ನ ತಲೆಯ ಹೇನು ನೋಡಿದ ಅವನಿಗೂ ಮದುವೆಯ ಮಾತು ಬಂದಾಗ ನಗು ಬಂತು, ಆಮೇಲೆ ಹೆದರಿಕೆಯಾಯಿತು. ಸುನೀಲ ತಾಯಿಯ ಮುಂದೆ ಬಾಯಿ ಬಿಡಲಿಲ್ಲ. ನನ್ನ ಬಾಯಿ ಮೊದಲಿನಿಂದಲೂ ದೊಡ್ಡದು, ಅಪ್ಪನಿಗೆ ಹೇಳಿದೆ. ಅಪ್ಪ ಬ್ಯಾಡಗಿಗೆ ಹೋಗಿ, ಅಕ್ಕ ಕೊಟ್ಟ ಚಹಾ ಕುಡಿದು, "ಹುಡುಗೂರಿಗೆ ಮನಸಿಲ್ಲ ಅಕ್ಕಾ" ಎಂದ.

"ಹುಡುಗೂರ ಹೆಸರು ಹೇಳಬ್ಯಾಡ. ಮನಸಿಲ್ಲದಾಂವ ನೀ" ಎಂದಳು ಅತ್ತೆ. "ಗಂಡ ಇಲ್ಲದಾಕಿ ಮನಿಗೆ ಮಗಳನ್ನ ಹ್ಯಾಂಗ ಕೊಡಬೇಕು ಅನಿಸೇತಿ ನಿನಗ."

"ಹಂಗ್ಯಾಕ ಅಂತೀಯ?"

"ಇನ್ನ ನಿನ್ನ ಹೊಸ್ತಲಾ ತುಳಿಯಾಂಗಿಲ್ಲ ನಾನು."

"ನಾನೂ ಕರಿಯಾಕ ಬರಾಂಗಿಲ್ಲ" ಎಂದು ಅಪ್ಪ ಎದ್ದು ಬಂದ.

ಈ ಒಂದು ಮಾತಿನ ಭಾರ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಶ್ರಾವಣದ ಪಂಚಮಿ ಹೆಣ್ಣುಮಕ್ಕಳ ಹಬ್ಬ. ತವರಿನಿಂದ ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು. ಮೊಮ್ಮಕ್ಕಳನ್ನು ಕಂಡ ಮುದುಕಿಯಾದರೂ ಸರಿ, ಅವಳು ಆವತ್ತು ತವರಿನ ಜೋಕಾಲಿಯಲ್ಲಿ ಕೂತು ಶೇಂಗಾ ಉಂಡಿ ತಿನ್ನಬೇಕು. ಕರೆಯದೆ ಹೋದರೆ ಮರ್ಯಾದೆ ಇಲ್ಲ, ಕರೆಯಲು ಯಾರೂ ಬರದಿದ್ದರೆ ತವರೇ ಇಲ್ಲ. ಅಪ್ಪ ಎಷ್ಟೇ ಬಿತ್ತನೆಯ ಗದ್ದಲವಿದ್ದರೂ ಪಾಟಿಯ ಮೇಲೆ 'ಅಕ್ಕನ್ನ ಕರಿಯಾಕ ಹೋಗೇನಿ, ನಾಳೆ ಸಿಗ್ತೇನಿ' ಎಂದು ಬರೆದು ಬ್ಯಾಡಗಿ ಬಸ್ ಹತ್ತುತ್ತಿದ್ದ. ಆ ಜಗಳವಾದದ್ದು ಎರಡು ಸಾವಿರದ ಆರನೆಯ ಇಸವಿಯ ಬೇಸಗೆಯಲ್ಲಿ. ಆ ಶ್ರಾವಣದಲ್ಲಿ ಪಾಟಿಯ ಮೇಲೆ ಆ ಸಾಲು ಬರಲಿಲ್ಲ.

ಮದುವೆ ಬೇಡವೆಂದವರು ನಾನು, ಸುನೀಲ. ಮಾತು ಬಿಟ್ಟವರು ಅವರಿಬ್ಬರು. ನಾವು ಮೊದಲಿನಂತೆಯೇ ಫೋನಿನಲ್ಲಿ ಹರಟುತ್ತಿದ್ದೆವು. ಸುನೀಲ ಆಮೇಲೆ ತಾಯಿಗೆ ತನ್ನ ಮನಸ್ಸನ್ನೂ ಹೇಳಿದ. ಆದರೆ ಅಷ್ಟರಲ್ಲಿ ಅವಳಿಗೆ ಸಿಟ್ಟು ರೂಢಿಯಾಗಿತ್ತು, ಅಪ್ಪನಿಗೂ ಆಗಿತ್ತು. ಯಾರು ಮೊದಲು ಬಾಯಿ ತೆರೆಯಬೇಕು ಎನ್ನುವುದೊಂದೇ ಉಳಿದಿತ್ತು.

ಮರುವರ್ಷ ಅಪ್ಪನ ಅಂಗಡಿಗೆ ಕಂಪ್ಯೂಟರ್ ಬಂತು. ಬೀಜದ ಕಂಪನಿಯ ಹುಬ್ಬಳ್ಳಿ ಏಜೆಂಟ ಮನೋಹರ ಎನ್ನುವವರು, ಯಾವ ಅಂಗಡಿಯಲ್ಲಿ ಯಾರಿದ್ದಾರೆ, ಎಷ್ಟು ಮಾಲಿದೆ ಎಂದು ಕೂತಲ್ಲೇ ತಿಳಿಯಲು ಎಲ್ಲ ಅಂಗಡಿಯವರೂ ಜಿ-ಟಾಕ್ ಹಾಕಿಕೊಳ್ಳಬೇಕೆಂದು ಹಟ ಹಿಡಿದಿದ್ದರು. ಆ ಕಾಲದವರಿಗೆ ನೆನಪಿರಬೇಕು. ಪರದೆಯ ಮೂಲೆಯಲ್ಲಿ ಒಂದು ಉದ್ದನೆಯ ಕಿಟಕಿ, ಅದರಲ್ಲಿ ಪರಿಚಯದವರ ಹೆಸರು, ಹೆಸರಿನ ಪಕ್ಕ ಒಂದು ಚುಕ್ಕೆ. ಚುಕ್ಕೆ ಹಸಿರಾಗಿದ್ದರೆ ಆಸಾಮಿ ಕೂತಿದ್ದಾನೆ, ಮಾತಾಡಿಸಬಹುದು. ಕೆಂಪಾಗಿದ್ದರೆ ಕೆಲಸದಲ್ಲಿದ್ದಾನೆ, ಕಾಡಬಾರದು. ಬೂದು ಬಣ್ಣವಾದರೆ ಎದ್ದು ಹೋಗಿದ್ದಾನೆ. ಹೆಸರಿನ ಕೆಳಗೆ ತನಗೆ ಬೇಕಾದ ಒಂದು ಸಾಲು ಬರೆದುಕೊಳ್ಳಲು ಜಾಗ. ನಾನು ಹಾವೇರಿಯ ಒಂದು ಹೈಸ್ಕೂಲಿನಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಸಂಜೆ ಬಸ್ಸಿಳಿದು ಅಂಗಡಿಗೆ ಹೋಗಿ ಅಪ್ಪನಿಗೆ ಇದನ್ನೆಲ್ಲ ಕಲಿಸಿದೆ, ಕನ್ನಡದಲ್ಲಿ ಟೈಪ್ ಮಾಡುವುದನ್ನೂ ಕಲಿಸಿದೆ.

ಅಪ್ಪ ಪರದೆಯನ್ನು ನೋಡಿದ, ಹೊರಗೆ ತೂಗುತ್ತಿದ್ದ ಪಾಟಿಯನ್ನು ನೋಡಿದ.

"ಇದು ನಮ್ಮ ಪಾಟಿನ ಅಲ್ಲೇನ? ಇವರು ಈಗ ಕಂಡಹಿಡದಾರ. ನಾ ಇಪ್ಪತ್ತು ವರ್ಷದಿಂದ ಮಾಡಾಕತ್ತೇನಿ."

ಅಂದಿನಿಂದ ಎರಡು ಕಡೆ ಬರೆಯತೊಡಗಿದ. ಮೊದಲು ಬಳಪದಿಂದ ಪಾಟಿಯ ಮೇಲೆ, ಆಮೇಲೆ ಒಂದೇ ಬೆರಳಿನಿಂದ ಕಂಪ್ಯೂಟರಿನಲ್ಲಿ. ರಾಜ್ಯದ ಯಾವ ಮೂಲೆಯ ಬೀಜದ ವ್ಯಾಪಾರಿಗೂ ನಮ್ಮಪ್ಪ ಕಟಿಂಗ್ ಮಾಡಿಸಲು ಹೋದದ್ದು ಗೊತ್ತಾಗುತ್ತಿತ್ತು.

ಅತ್ತೆಯ ಮನೆಯಲ್ಲೂ ಕಂಪ್ಯೂಟರ್ ಇತ್ತು. ಅವಳ ಮಾಲು ಕೊಳ್ಳುವ ಚೆನ್ನೈನ ವ್ಯಾಪಾರಿ ದಿನದ ದರವನ್ನು ಅದರಲ್ಲೇ ಕಳಿಸುತ್ತಿದ್ದ. ಅತ್ತೆಗೆ ಇಂಗ್ಲಿಷ್ ಬಾರದು, ಟೈಪ್ ಮಾಡಲೂ ಬಾರದು. ಕನ್ನಡ ಓದಲು, ಅಂಕಿ ನೋಡಲು ಬರುತ್ತಿತ್ತು, ಅಷ್ಟು ಸಾಕಿತ್ತು. ಸುನೀಲನಿಗೆ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ, ಅಲ್ಲಿಯೇ ಖೋಲಿ ಮಾಡಿಕೊಂಡಿದ್ದ. ರಜೆಗೆ ಬಂದಾಗ ತಾಯಿಗೆ ಜಿ-ಟಾಕ್ ಹಾಕಿಕೊಟ್ಟ. ನಾವಿಬ್ಬರೂ ಮಾತಾಡಿಕೊಂಡು, ನಾನು ಅಪ್ಪನ ಕಡೆಯಿಂದ, ಅವನು ಅತ್ತೆಯ ಕಡೆಯಿಂದ, ಒಬ್ಬರ ಹೆಸರನ್ನು ಇನ್ನೊಬ್ಬರ ಪಟ್ಟಿಗೆ ಸೇರಿಸಿಬಿಟ್ಟೆವು. ಗೋಡೆ ಸಿಕ್ಕಿತಲ್ಲ, ಇನ್ನು ಹೇಳಲಿ ಎಂದು ನಮ್ಮ ಲೆಕ್ಕ.

ಒಂದು ಸಂಜೆ ಅಪ್ಪನ ಪರದೆಯ ಮೇಲೆ 'ಸುಶೀಲವ್ವ' ಎಂಬ ಹೆಸರು ಬಂತು. ಅಪ್ಪ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡ. 'ಗೋವಿನಜೋಳದ ಬೀಜ ಬಂದೈತಿ' ಎಂದು ಇದ್ದ ಸಾಲಿನ ಮುಂದೆ, ಬಹಳ ಹೊತ್ತು ಅಕ್ಷರ ಹುಡುಕಿ, 'ಮನ್ಯಾಗ ಎಲ್ಲಾರೂ ಆರಾಮ ಅದೇವಿ' ಎಂದು ಸೇರಿಸಿದ.

ಮಾರನೆಯ ದಿನ ಮನೋಹರ ಹುಬ್ಬಳ್ಳಿಯಿಂದ ಫೋನ್ ಮಾಡಿ, "ಮೈಲಾರೆಪ್ಪನವರ, ಮನ್ಯಾಗ ಯಾರಿಗರೆ ಆರಾಮ ಇರಲಿಲ್ಲೇನ್ರಿ?" ಎಂದು ಕಾಳಜಿಯಿಂದ ಕೇಳಿದರು.

ಆದರೆ ಅಪ್ಪ ಆ ಸಾಲು ಬರೆದ ಸಂಜೆಯೇ ಇನ್ನೊಂದು ಸಂಗತಿ ನಡೆದಿತ್ತು. ಅತ್ತೆಯ ಹೆಸರಿನ ಪಕ್ಕದ ಹಸಿರು ಚುಕ್ಕೆ ನಾವು ನೋಡುತ್ತಿದ್ದಂತೆಯೇ ಕೆಂಪಾಯಿತು.

"ಏನಿದು?" ಎಂದ ಅಪ್ಪ.

"ಕೆಲಸದಾಗ ಇರಬೇಕು ಅಪ್ಪಾ" ಎಂದೆ.

ಮರುದಿನವೂ ಹಾಗೆಯೇ ಆಯಿತು. ಅಪ್ಪ ಬೆಳಗ್ಗೆ ಕಂಪ್ಯೂಟರ್ ಹಚ್ಚಿ ಕೂತು ಸ್ವಲ್ಪ ಹೊತ್ತಿಗೆ ಅತ್ತೆಯ ಚುಕ್ಕೆ ಕೆಂಪು. ಊಟ ಮುಗಿಸಿ ಮರಳಿ ಬಂದರೆ ಮತ್ತೆ ಕೆಂಪು. ಅಪ್ಪ ಸೋಲಲಿಲ್ಲ, ಬರೆಯುತ್ತಲೇ ಇದ್ದ. 'ಮಳಿ ಚಲೋ ಆಗೇತಿ.' ನಮ್ಮಜ್ಜಿಯ ತಿಥಿ ಬಂದಾಗ 'ಅವ್ವನ ತಿಥಿ ಸೋಮವಾರ ಐತಿ.' 'ಪ್ರಿಯಾಂಕಾಗ ನೌಕರಿ ಕಾಯಂ ಆತು.' ಯಾವ ರೈತನಿಗೂ ಬೇಕಿಲ್ಲದ ಸುದ್ದಿ ಅದು, ಬೇಕಾದವಳು ಒಬ್ಬಳೇ. ಅವಳ ಕಡೆಯಿಂದ ಬಂದ ಉತ್ತರ ಮಾತ್ರ ಪ್ರತಿ ಸಲವೂ ಅದೇ ಕೆಂಪು ಚುಕ್ಕೆ.

"ನಾ ಬಂದ ಕೂಡ್ಲೇ ಕದಾ ಹಾಕ್ತಾಳ" ಎಂದು ಅಪ್ಪ ಒಮ್ಮೆ ಹೇಳಿದ. ಸಿಟ್ಟಿನಿಂದ ಹೇಳಿದ್ದರೆ ನನಗೆ ಅಷ್ಟು ಅನ್ನಿಸುತ್ತಿರಲಿಲ್ಲ. ಮೆಲ್ಲಗೆ ಹೇಳಿದ.

ಎರಡು ಸಾವಿರದ ಎಂಟರ ಶ್ರಾವಣ ಬಂತು. ಅವ್ವ ಶೇಂಗಾ ಹುರಿಯುತ್ತಿದ್ದಳು, ಮನೆಯೆಲ್ಲ ಬೆಲ್ಲದ ಪಾಕದ ವಾಸನೆ. ಅಪ್ಪ ಅಂಗಡಿಯಲ್ಲಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಅಲ್ಲಿಯವರೆಗೆ ಬರೆಯದ ಸಾಲೊಂದನ್ನು ಬರೆದ.

'ಪಂಚಮಿಗೆ ಬ್ಯಾಡಗಿಗೆ ಕರಿಯಾಕ ಹೋಗಬೇಕಂತೇನಿ.'

ಸೋಲು ಒಪ್ಪಿಕೊಂಡ ಹಾಗೆಯೇ ಅದು. ಇಬ್ಬರೂ ಪರದೆಯನ್ನು ನೋಡುತ್ತ ಕೂತೆವು. ಅತ್ತೆಯ ಚುಕ್ಕೆ ಹಸಿರಾಗಿತ್ತು. ನೋಡುತ್ತಿದ್ದಂತೆ ಕೆಂಪಾಯಿತು.

ಅಪ್ಪ ಕೀಲಿಮಣೆಯ ಮೇಲಿಂದ ಕೈ ತೆಗೆದ. ಮನೆಗೆ ಹೋಗಿ ಉಂಡಿ ಕಟ್ಟುತ್ತಿದ್ದ ಅವ್ವನಿಗೆ, "ಬ್ಯಾಡ ಅಂದ್ಲು" ಎಂದಷ್ಟೇ ಹೇಳಿದ.

"ಒಂದ ಚುಕ್ಕಿ ನೋಡಿ ತವರು ಮುರಕೊಂತಾರೇನ್ರಿ? ಬಸ್ ಹತ್ತಿ ಹೋಗ್ರಿ" ಎಂದಳು ಅವ್ವ.

"ಬ್ಯಾಡ ಅಂದಾರ ಮನಿ ಬಾಗಲದಾಗ ಹೋಗಿ ನಿಂದರ್ಲೇನ?"

ಹೋಗಲಿಲ್ಲ. ಅವ್ವ ತೊಲೆಗೆ ಜೋಕಾಲಿ ಕಟ್ಟಿದಳು. ಅದರಲ್ಲಿ ಯಾರೂ ಕೂರಲಿಲ್ಲ. ನನಗೆ ಅತ್ತೆಯ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಸುನೀಲ ಫೋನ್ ಮಾಡಿದಾಗ ಅವನ ಮೇಲೂ ಹರಿಹಾಯ್ದು ಇಟ್ಟುಬಿಟ್ಟೆ. ಅವನು ಹಗಲು ಪಾಳಿ ರಾತ್ರಿ ಪಾಳಿಯ ನಡುವೆ ಊರಿಗೇ ಹೋಗಿರಲಿಲ್ಲ, ಅವನಿಗೆ 'ಏನಾತು' ಎಂದೂ ತಿಳಿಯಲಿಲ್ಲ.

ಮುಂದಿನ ಮಾಘ ಬಂದು ಶಿವರಾತ್ರಿಯೂ ಆಯಿತು. ಮನೆಯಲ್ಲಿ ವರ್ಷದ ಕಾರದ ಪುಡಿ ಕುಟ್ಟಿಸುವ ಹೊತ್ತು. ಮೊದಲೆಲ್ಲ ನಮ್ಮ ಮೆಣಸಿನಕಾಯಿ ಅತ್ತೆಯ ಅಂಗಳದಿಂದಲೇ ಬರುತ್ತಿತ್ತು. ಮಾತು ಬಿಟ್ಟ ಮೇಲೆ ಅವ್ವ ರಾಣೆಬೆನ್ನೂರಿನ ಸಂತೆಯಲ್ಲಿ ಕೊಂಡಳು. ಸಾರು ಕೆಂಪಾಗಲಿಲ್ಲ, ನಾಲಿಗೆ ಮಾತ್ರ ಸುಟ್ಟಿತು. ಈ ಸಲ ಅವ್ವ ನನ್ನ ಕೈಗೆ ಚೀಲ ಕೊಟ್ಟು, "ನೀ ಬ್ಯಾಡಗಿಗೆ ಹೋಗಿ ತಗೊಂಡು ಬಾ. ನಿನ್ನ ಕೂಡ ಯಾರೂ ಮಾತು ಬಿಟ್ಟಿಲ್ಲ" ಎಂದಳು. ಅಪ್ಪ ಪೇಪರ್ ಓದುತ್ತ ಕೂತಿದ್ದ, ಕೇಳಿಸದವನಂತೆ.

ಸುಗ್ಗಿಯ ದಿನಗಳಲ್ಲಿ ಬ್ಯಾಡಗಿ ಬಂತೆಂದು ಕಂಡಕ್ಟರ್ ಕೂಗಬೇಕಾಗಿಲ್ಲ, ಬಸ್ಸಿನಲ್ಲಿದ್ದವರು ಸೀನತೊಡಗುತ್ತಾರೆ. ನಾನೂ ಸೀನುತ್ತಲೇ ಅತ್ತೆಯ ಅಂಗಳಕ್ಕೆ ಹೋದೆ. ಮಂಡಿಯೆತ್ತರದ ಕೆಂಪು ರಾಶಿಗಳ ನಡುವೆ ಜೈತೂನಬಿ ಮತ್ತು ಇನ್ನಷ್ಟು ಹೆಂಗಸರು ಮೂಗಿಗೆ ಸೆರಗು ಕಟ್ಟಿ ತೊಟ್ಟು ಬಿಡಿಸುತ್ತಿದ್ದರು. ಅತ್ತೆ ನನ್ನನ್ನು ಕಂಡು ಮೊರ ಕೆಳಗಿಟ್ಟಳು. ಸೊರಗಿದ್ದಳು.

"ಬಾರವ್ವಾ, ಸೊಸಿ ಆಗದ ಸೊಸಿ" ಎಂದು ಎರಡೂ ಕೈಗಳಿಂದ ನನ್ನ ಗಲ್ಲ ಹಿಡಿದಳು. ಅವಳ ಕೈಯ ಘಾಟಿಗೆ ನನ್ನ ಕಣ್ಣಲ್ಲಿ ನೀರು ಬಂತು. ಪೂರಾ ಘಾಟಿಗೇ ಅಲ್ಲ.

ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿ ಎದುರಿಗೇ ಕೂತಳು. ಅವ್ವನ ಮೊಣಕಾಲು ಹೇಗಿದೆ, ನನ್ನ ಶಾಲೆ ಹೇಗಿದೆ ಎಂದೆಲ್ಲ ಕೇಳಿದಳು. ಒಬ್ಬನ ಹೆಸರು ಮಾತ್ರ ಎತ್ತಲಿಲ್ಲ. ಕೊನೆಗೆ ನನ್ನ ಕಡೆಯಿಂದ ಮುಖ ತಿರುಗಿಸಿ, ಬಾಗಿಲಲ್ಲಿ ಕೂತಿದ್ದ ಜೈತೂನಬಿಗೆ ಹೇಳತೊಡಗಿದಳು.

"ನೋಡ ಜೈತೂನಬಿ, ಹ್ವಾದ ಪಂಚಮಿಗೆ ಕರಿಯಾಕ ಬರ್ತೇನಂತ ಬರದವರು ಬರಲೇ ಇಲ್ಲ. ಬರಾಂಗಿಲ್ಲ ಅಂದ್ರ ಯಾಕ ಬರೀಬೇಕು?"

ಜೈತೂನಬಿ ನನ್ನ ಕಡೆ ನೋಡಿ, "ಚೀಲಾ ಕಟಿಗೊಂಡು ಹೊರಗಿನ ಕಟ್ಟಿ ಮ್ಯಾಲೆ ಕುಂತಿದ್ರವ್ವಾ. ಕತ್ತಲಾಗೂತನಾ ಬಸ್ಸಿನ ಹಾದಿ ನೋಡಿದ್ರು. ನಾನ ಕೈ ಹಿಡದು ಒಳಗ ಕರಕೊಂಡು ಬಂದ್ನಿ" ಎಂದಳು.

ನನ್ನ ತುತ್ತು ಕೈಯಲ್ಲೇ ಉಳಿಯಿತು. ಹಾಗೆಯೇ ಸಿಟ್ಟೂ ಬಂತು.

"ಅತ್ತಿ, ಬ್ಯಾಡ ಅಂದಾಕಿ ನೀನ ಅಲ್ಲೇನ? ಅಪ್ಪ ಬರ್ತೇನಂತ ಬರದ ಕೂಡ್ಲೇ ಚುಕ್ಕಿ ಕೆಂಪು ಮಾಡಿದಿ."

"ಹೌದು, ಮಾಡಿದ್ನಿ" ಎಂದಳು ಅತ್ತೆ ನೇರವಾಗಿ. "ಮತ್ತೇನ ಮಾಡಬೇಕಿತ್ತು?"

"ಯಾಕ ಮಾಡಿದಿ?"

ಅತ್ತೆ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. ಎದ್ದು ಹೋಗಿ ಅಂಗಳದ ರಾಶಿಯಿಂದ ಒಂದು ಕಾಯಿ ತಂದು ನನ್ನ ತಾಟಿನ ಪಕ್ಕ ಇಟ್ಟಳು. ಸುಕ್ಕುಗಟ್ಟಿದ, ಕಡುಗೆಂಪು ಬ್ಯಾಡಗಿ ಕಾಯಿ.

"ಹಸರು ಅಂದ್ರೇನವ್ವಾ? ಹಸಿಕಾಯಿ. ಇನ್ನೂ ಗಿಡದಾಗ ಐತಿ, ಕೈ ಹಚ್ಚಬ್ಯಾಡ್ರಿ ಅಂತ. ಕೆಂಪಾದ್ರನ ಹಣ್ಣಾದಂಗ, ಬರ್ರಿ ಅಂದಂಗ. ಸುನೀಲ ಪಾಳಿಗೆ ಹೊತ್ತಾತಂತ ಓಡೂ ಗಡಿಬಿಡಿಯಾಗ, ಬಣ್ಣ ನಿನಗ ಬೇಕಾದ್ದು ಇಟಗೋ ಯವ್ವಾ ಅಂತ ಹೇಳಿ ಹ್ವಾದ. ಅದು ತಾನಾಗೇ ಹಸರು ಇರ್ತೈತಿ. ನನ್ನ ತಮ್ಮನ ಹೆಸರು ಹತ್ತಿದ ಕೂಡ್ಲೇ ನಾ ಕೆಂಪು ಮಾಡಿ ಇಡ್ತೇನಿ. ತಮ್ಮ ಬಂದಾಗ ಹಸರು ಇಟಗೊಂಡು ಕುಂದರ್ಲೇನ?"

ನನಗೆ ನಗು ಉಕ್ಕಿ ಬಂತು. ಅತ್ತೆ ಇನ್ನೂ ಹೇಳುತ್ತಿದ್ದಳು.

"ಅಂವ ನೋಡು, ಯಾವಾಗ ನೋಡಿದ್ರೂ ಹಸರ. ಎಲ್ಲಾ ಸುದ್ದಿ ಬರೀತಾನ, ಚುಕ್ಕಿ ಮಾತ್ರ ಹಸರ. ಸಿಟ್ಟು ಇನ್ನೂ ಹಸಿ ಐತಿ, ಹಣ್ಣಾಗಲಿ, ಕಾಯಿ ಇದ್ದಾಗ ಹರಿಯಬಾರದು ಅಂತ ನಾನೂ ಸುಮ್ಮನ ಕಾದ್ನಿ."

ನಗುತ್ತಿದ್ದವಳು ಅಳತೊಡಗಿದೆ. ಬೀಜ ಮಾರುವವನಿಗೆ ಹಸಿರು ಎಂದರೆ ಮೊಳಕೆ, ಜೀವ. ಕಾಯಿ ಮಾರುವವಳಿಗೆ ಹಸಿರು ಎಂದರೆ ಇನ್ನೂ ಬಲಿಯದ್ದು. ಒಬ್ಬರಿಗೊಬ್ಬರು 'ಬಾ, ಬಾ' ಎಂದು ಎರಡು ವರ್ಷ ಕೂಗಿದ್ದರು, ಇಬ್ಬರ ಕಿವಿಗೂ 'ಬೇಡ' ಎಂದೇ ಬಿದ್ದಿತ್ತು. ನಾನು ಕಣ್ಣೊರೆಸಿಕೊಂಡು ಅತ್ತೆಗೆ ಬಿಡಿಸಿ ಹೇಳಿದೆ, ಇದರಲ್ಲಿ ಕೆಂಪು ಎಂದರೆ ಕೆಲಸದಲ್ಲಿದ್ದೇನೆ, ನನ್ನನ್ನು ಮಾತಾಡಿಸಬೇಡಿ ಎಂದು.

ಅತ್ತೆ ತಾಟಿನ ಪಕ್ಕದ ಕಾಯಿಯನ್ನು ಕೈಗೆ ತೆಗೆದುಕೊಂಡಳು.

"ಅಂದ್ರ, ಅಂವ ಬಂದಾಗೊಮ್ಮೆ ನಾನು, ಹೋಗು ಅಂದಂಗಾತೇನ?"

ನಾನು ತಲೆಯಾಡಿಸಿದೆ.

"ಅವ್ವನ ತಿಥಿ ಐತಿ ಅಂತ ಬರದಾಗೂ? ಪಂಚಮಿಗೆ ಬರ್ತೇನಿ ಅಂತ ಬರದಾಗೂ?" ನನ್ನ ತೋಳು ಹಿಡಿದು ಎಳೆದಳು. "ಹಸರು ಮಾಡು. ಲಗೂನ ಹಸರು ಮಾಡು, ಪ್ರಿಯಾ."

ಎಂಜಲು ಕೈಯಲ್ಲೇ ಎದ್ದೆ, ತೊಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತೆ. ಅಪ್ಪನ ಹೆಸರು ಅಲ್ಲಿತ್ತು, ಪಕ್ಕದಲ್ಲಿ ಹಸಿರು ಚುಕ್ಕೆ, ಕೆಳಗೆ 'ಮಗಳು ಬ್ಯಾಡಗಿಗೆ ಹೋಗ್ಯಾಳ' ಎಂಬ ಸಾಲು. ಮೊದಲು ಮೊಬೈಲಿನಿಂದ ಅಂಗಡಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಕೆಂಪು ಯಾಕೆ ಕೆಂಪು ಎಂದು, ಕಟ್ಟೆಯ ಮೇಲೆ ಯಾರು ಕೂತಿದ್ದರು ಎಂದು. ಆ ಕಡೆ ಫೋನ್ ಇಟ್ಟ ಸಪ್ಪಳ ಕೇಳಿಸಿತು.

ನಾನು ಅತ್ತೆಯ ಚುಕ್ಕೆಯನ್ನು ಹಸಿರು ಮಾಡಿದೆ. ಅತ್ತೆ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು. ಜೈತೂನಬಿಯೂ ಬಂದು ನಿಂತಳು.

ಆಗ ಅಪ್ಪನ ಹೆಸರಿನ ಪಕ್ಕದ ಹಸಿರು ಚುಕ್ಕೆ ಕೆಂಪಾಯಿತು.

"ಯವ್ವಾ!" ಎಂದಳು ಅತ್ತೆ. "ಹಣ್ಣಾತು ನೋಡ, ಜೈತೂನಬಿ!"

ಚುಕ್ಕೆಯ ಕೆಳಗಿನ ಸಾಲೂ ಬದಲಾಯಿತು. 'ಅಂಗಡಿ ಬಂದ್ ಐತಿ. ಅಕ್ಕನ್ನ ಕರಿಯಾಕ ಹೋಗೇನಿ.' ಯಾವಾಗ ಮರಳಿ ಬರುತ್ತೇನೆ ಎಂದು ಬರೆದಿರಲಿಲ್ಲ. ಅಪ್ಪ ಹಾಗೆ ಬರೆಯದೆ ಹೋದದ್ದನ್ನು ನಾನು ಮೊದಲ ಸಲ ನೋಡಿದೆ. ಸ್ವಲ್ಪ ಹೊತ್ತಿಗೆ ಚುಕ್ಕೆ ಬೂದಾಯಿತು.

ಅತ್ತೆಗೆ ಕೂತಲ್ಲಿ ಕೂರಲಾಗಲಿಲ್ಲ. ತಲೆ ಬಾಚಿಕೊಂಡಳು, ಸೀರೆ ಬದಲಾಯಿಸಿದಳು, ಒಲೆಯ ಮೇಲೆ ಚಹಾಕ್ಕೆ ನೀರಿಟ್ಟು ಇಳಿಸಿದಳು, ಮತ್ತೆ ಇಟ್ಟಳು. ಬಿಸಿಲು ಇಳಿಯುವ ಹೊತ್ತಿಗೆ ಹೊರಗೆ ಯಾರೋ ದೊಡ್ಡದಾಗಿ ಸೀನಿದ್ದು ಕೇಳಿಸಿತು, ಒಂದರ ಹಿಂದೆ ಒಂದು. ಅಪ್ಪ ಅಂಗಳದ ಗೇಟಿನಲ್ಲಿ ಮೂಗಿಗೆ ವಸ್ತ್ರ ಹಿಡಿದು ನಿಂತಿದ್ದ. ಅಂಗಡಿಯಲ್ಲಿ ಹಾಕುವ ಹಳೆಯ ಚಪ್ಪಲಿಯಲ್ಲೇ ಬಂದಿದ್ದ. ಕೈಬೆರಳಿಗೆ ಇನ್ನೂ ಬಳಪದ ಬಿಳಿ ಅಂಟಿತ್ತು.

ಅತ್ತೆ ಒಳಬಾಗಿಲಲ್ಲಿ ನಿಂತಿದ್ದಳು. ನಡುವೆ ಮೆಣಸಿನಕಾಯಿಯ ರಾಶಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಬಾಯಿ ಮಾತ್ರ ಯಾರೂ ತೆರೆಯಲಿಲ್ಲ. ಅಷ್ಟು ದಿನದ ರೂಢಿ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಅಪ್ಪ ಕೆಮ್ಮಿ, ಜೈತೂನಬಿಯ ಕಡೆ ತಿರುಗಿದ.

"ಜೈತೂನಬಿ, ಪಂಚಮಿಗೆ ಕರಿಯಾಕ ಬಂದಾರಂತ ಹೇಳ್ರಿ."

"ಇನ್ನೂ ಹೋಳಿ ಹುಣ್ಣಿವಿನ ಆಗಿಲ್ರಿ ಅಣ್ಣಾರ. ಯಾವ ಪಂಚಮಿರಿ?"

"ಹ್ವಾದ ವರ್ಷದ್ದು" ಎಂದ ಅಪ್ಪ.

ಅತ್ತೆ ರಾಶಿಯನ್ನು ಸುತ್ತಿ ಬರಲಿಲ್ಲ. ಕಾಯಿ ತುಳಿದರೆ ಬೆಲೆ ಹೋಗುತ್ತದೆ ಎಂದು ನಮ್ಮನ್ನೆಲ್ಲ ಜೀವಮಾನವಿಡೀ ಬೈದವಳು, ಆ ಕೆಂಪು ರಾಶಿಯ ನಡುವೆಯೇ ನಡೆದು ಅಪ್ಪನ ಎದುರಿಗೆ ಬಂದು ನಿಂತಳು.

"ಗ್ವಾಡಿಗೆ ಹೇಳಿದ್ದು ಸಾಕು ಮೈಲಾರಿ. ನನಗ ಹೇಳು."

ಅಪ್ಪ ಮೂಗಿಗೆ ಹಿಡಿದ ವಸ್ತ್ರ ಇಳಿಸಿದ. "ನಡಿ ಅಕ್ಕಾ. ಮನಿಗೆ ಹೋಗೂಣು" ಎಂದ.

ಅತ್ತೆ ಒಳಗೆ ಹೋದಳು, ಹೋದ ಕಾಲಲ್ಲೇ ಒಂದು ಚೀಲ ಹಿಡಿದು ಹೊರಗೆ ಬಂದಳು. "ಇಷ್ಟು ಲಗೂ ಕಟ್ಟಿದ್ಯಾ ಅತ್ತಿ?" ಎಂದು ನಾನು ಕೇಳಿದೆ.

ಉತ್ತರ ಕೊಟ್ಟವಳು ಜೈತೂನಬಿ. "ಅದನ್ನ ಬಿಚ್ಚೇ ಇಲ್ಲವ್ವಾ" ಎಂದಳು.

ಅಪ್ಪ ಅತ್ತೆಯ ಕೈಯಿಂದ ಚೀಲ ತೆಗೆದುಕೊಂಡ. ರಾಣೆಬೆನ್ನೂರಿನ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ನಾನು ಹಿಂದೆ ನಿಂತುಕೊಂಡು ಬಂದೆ, ನನ್ನ ಕೈಯಲ್ಲಿ ಅವ್ವ ಕೊಟ್ಟ ಚೀಲ ಖಾಲಿಯೇ ಇತ್ತು.